ಹಸ್ತಪ್ರತಿ, ಗ್ರಂಥಸಂಪಾದನೆ ಮತ್ತು ಗ್ರಂಥಸ್ವಾಮ್ಯ: ಡಿಜಿಟಲ್ ಪ್ರತೀಕರಣದ ಸಂದರ್ಭದಲ್ಲಿ ಕೆಲವು ವಿಚಾರಗಳು

ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕಿರುವ ಸ್ಥಾನ ಸುವಿದಿತವಾದುದು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದುದನ್ನು ನಮ್ಮ ಪರಂಪರೆ ಇಂದಿಗೂ ಸ್ಮರಿಸುತ್ತದೆ. ಅಂದು ಪ್ರತಿ ಮಾಡಿಸುವುದೇ ಪುಣ್ಯಕಾರ್ಯವಾಗಿತ್ತು; ಇಂದು ಅದೇ ಕಾರ್ಯಕ್ಕೆ ಮುನ್ನ 'ಹಕ್ಕು ಯಾರದು?' ಎಂಬ ಪ್ರಶ್ನೆ ಏಳುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಓಲೆಗರಿಯನ್ನೋ ಕಾಗದದ ಹೊತ್ತಿಗೆಯನ್ನೋ ಕಾಪಾಡಿಕೊಂಡು ಬಂದ ಮನೆತನ ಅಥವಾ ಬಸದಿ, ಅದರ ಛಾಯಾಪ್ರತಿ ತೆಗೆಯಲು ಬರುವ ಸಂಸ್ಥೆ, ಅದನ್ನು ಸಂಪಾದಿಸುವ ವಿದ್ವಾಂಸ, ಈ ಮೂವರಿಗೂ ಪ್ರಶ್ನೆ ಒಂದೇ ಆಗಿ ತೋರಿದರೂ ಉತ್ತರ ಒಂದೇ ಅಲ್ಲ. ಮೂಲಕೃತಿ, ಅದನ್ನು ಹೊತ್ತ ಓಲೆ, ಅದರಿಂದ ಸಿದ್ಧವಾದ ಸಂಪಾದಿತ ಪಾಠ, ಈ ಮೂರನ್ನು ಬೇರ್ಪಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಮೂಲಕೃತಿ

ನಮ್ಮ ದೇಶದಲ್ಲಿ ಗ್ರಂಥಸ್ವಾಮ್ಯವನ್ನು 1957ರ ಅಧಿನಿಯಮವು ನಿಯಂತ್ರಿಸುತ್ತದೆ. ಕರ್ತೃವಿನ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಯ ಸ್ವಾಮ್ಯವು ಅವನ ಮರಣಾನಂತರ 60 ವರ್ಷ ಉಳಿಯುತ್ತದೆ. 1992ರ ತಿದ್ದುಪಡಿಗೆ ಮುನ್ನ ಈ ಅವಧಿ 50 ವರ್ಷವಾಗಿತ್ತು. ಪ್ರಾಚೀನ ಆಚಾರ್ಯರ ಕೃತಿಗಳಿಗೆ ಇಂಥ ಸ್ವಾಮ್ಯ ಎಂದೂ ಇರಲಿಲ್ಲ. ಅವು ಸರ್ವರ ಸೊತ್ತು.

ಸವದತ್ತಿಯ ರಟ್ಟರ ಶಾಸನಗಳನ್ನು ಉದಾಹರಣೆಯಾಗಿ ನೋಡಬಹುದು. ಕಲ್ಲಿನ ಮೇಲಿನ ಪಾಠಕ್ಕೆ ಸ್ವಾಮ್ಯವಿಲ್ಲ. ಅವುಗಳನ್ನು 1870ರ ದಶಕದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಜೆ. ಎಫ್. ಫ್ಲೀಟರು 1917ರಲ್ಲಿ ನಿಧನರಾದರು. ಆದುದರಿಂದ ಅವರ ವಾಚನವೂ ಅನುವಾದವೂ 1967ರ ಅಂತ್ಯಕ್ಕೇ ಮುಕ್ತವಾದುವು. ಇದೇ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರ ವಿಷಯ ಹಾಗಲ್ಲ. ಅವರು 1935ರಲ್ಲಿ ಪ್ರಕಟಿಸಿದ ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರ ಗಾಹೆಗಳು ಸರ್ವಮುಕ್ತ. ಆದರೆ ಆ ಗ್ರಂಥಕ್ಕೆ ಉಪಾಧ್ಯೆಯವರು ಬರೆದ ವಿಸ್ತಾರವಾದ ಪ್ರಸ್ತಾವನೆಯು, ಅವರು 1975ರಲ್ಲಿ ನಿಧನರಾದ ಕಾರಣ, 2035ರ ಅಂತ್ಯದವರೆಗೆ ರಕ್ಷಿತ. ಒಂದೇ ಪುಸ್ತಕದೊಳಗೆ ಎರಡು ಸ್ಥಿತಿಗಳಿರುವುದನ್ನು ಇಲ್ಲಿ ಗಮನಿಸಬೇಕು.

2. ಓಲೆಯ ಒಡೆತನ

ಓಲೆಯ ಕಟ್ಟು ಒಂದು ವಸ್ತು. ಅದರ ಒಡೆತನ ಮನೆತನದ್ದು ಅಥವಾ ಬಸದಿಯದು. ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯವುಳ್ಳ, 75 ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿಯು 1972ರ ಪುರಾವಸ್ತು ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಓಲೆಯ ಒಡೆತನವು ಕೃತಿಯ ಒಡೆತನವಲ್ಲ. ಛಾಯಾಪ್ರತಿ ತೆಗೆಯಲು ಬಿಟ್ಟ ಮಾತ್ರಕ್ಕೆ ಓಲೆಯು ಕೈಬಿಟ್ಟುಹೋಗದು. ಓಲೆ ಮನೆಯಲ್ಲಿದೆಯೆಂದು ಕೃತಿಯನ್ನು ಅನ್ಯರು ಮುದ್ರಿಸಬಾರದೆನ್ನಲೂ ಆಗದು. ಮನೆತನದವರ ಕೈಯಲ್ಲಿರುವುದು ಪ್ರವೇಶದ ಅಧಿಕಾರ: ಯಾರಿಗೆ, ಯಾವ ಷರತ್ತಿನ ಮೇಲೆ ತೋರಿಸಬೇಕೆಂಬುದು. ಆ ಷರತ್ತು ಒಪ್ಪಂದದಿಂದ ಹುಟ್ಟುತ್ತದೆ, ಒಪ್ಪಿದವರನ್ನು ಮಾತ್ರ ಬಂಧಿಸುತ್ತದೆ.

3. ಸಂಪಾದಕನ ಹಕ್ಕು

ತ್ರುಟಿತ ಪಾಠವನ್ನು ತುಂಬಿ, ಪಾಠಾಂತರಗಳನ್ನು ತೂಗಿ, ಟಿಪ್ಪಣಿ ಬರೆದವನಿಗೆ ಹಕ್ಕಿಲ್ಲವೆ? ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಒಂದು ಅಳತೆಗೋಲನ್ನು ನೀಡಿತು. ತೀರ್ಪುಗಳ ಮೂಲಪಾಠ ಸರ್ವರದು. ಕೇವಲ ಶ್ರಮ, ವೆಚ್ಚಗಳಿಂದ ಸ್ವಾಮ್ಯ ಹುಟ್ಟದು. ಕೌಶಲ, ವಿವೇಚನೆ ಹಾಗೂ ಅಲ್ಪಮಟ್ಟಿಗಾದರೂ ಸೃಜನಶೀಲತೆ ಬೇಕು ಎಂಬುದು ಅದರ ಸಾರ. ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವು ಮೃತಸಮುದ್ರದ ಸುರುಳಿಗಳ ಪ್ರಕರಣದಲ್ಲಿ, ತುಣುಕುಗಳನ್ನು ಜೋಡಿಸಿ ಲುಪ್ತಭಾಗವನ್ನು ಊಹಿಸಿ ಪಾಠವನ್ನು ಪುನಾರಚಿಸಿದ ವಿದ್ವಾಂಸ ಕಿಮ್ರೋನರ ಸ್ವಾಮ್ಯವನ್ನು 2000ದಲ್ಲಿ ಎತ್ತಿಹಿಡಿಯಿತು.

ಈ ಅಳತೆಗೋಲಿನಿಂದ ನೋಡಿದರೆ, ಓಲೆಯ ಯಥಾವತ್ ಯಾಂತ್ರಿಕ ಪ್ರತಿಬಿಂಬಕ್ಕೂ ಅಕ್ಷರಶಃ ಲಿಪ್ಯಂತರಕ್ಕೂ ಹೊಸ ಸ್ವಾಮ್ಯ ಹೇಳುವುದು ಕಷ್ಟ. ಪ್ರಸ್ತಾವನೆ, ಟಿಪ್ಪಣಿ, ಅನುವಾದಗಳಿಗೆ ಸ್ವಾಮ್ಯವಿದೆಯೆನ್ನಲು ಸಂದೇಹವಿಲ್ಲ. ಇವೆರಡರ ನಡುವಿನ ಪರಿಷ್ಕೃತ ಪಾಠದ ವಿಷಯದಲ್ಲಿ ವಾದಕ್ಕೆ ಎಡೆಯಿದೆ. ಆ ವಾದ ವಿದ್ಯೆಗೆ ಬಾಧಕವಾಗದಿರಬೇಕಾದರೆ ದಾರಿ ಒಂದೇ: ಓಲೆಯ ಬಿಂಬ ಎಲ್ಲರ ಕಣ್ಣಿಗೆ ದೊರೆಯಬೇಕು. ಬಿಂಬ ತೆರೆದಿದ್ದರೆ ಇನ್ನೊಬ್ಬ ಪಂಡಿತನು ತಾನೇ ಓದಿ ತನ್ನ ಪಾಠವನ್ನು ನಿರ್ಣಯಿಸಬಲ್ಲನು. ಮುಚ್ಚಿದ್ದರೆ ಮೊದಲ ಸಂಪಾದಕನ ತಪ್ಪೂ ಶಾಶ್ವತವಾಗುತ್ತದೆ. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕಷ್ಟೇ ಮೀಸಲಾಗಿದ್ದ ಧವಲಾ ಟೀಕೆಯು 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದ ಬಳಿಕವೇ ವಿದ್ವತ್ಲೋಕಕ್ಕೆ ಸುಲಭವಾಗಿ ದೊರೆತುದನ್ನು ನಾವು ಮರೆಯಬಾರದು.

4. ಅನುಮತಿಪತ್ರ

ಆದುದರಿಂದ ಎರಡು ಪತ್ರಗಳು ಬೇರೆಬೇರೆಯಾಗಿರಬೇಕು. ಮೊದಲನೆಯದು ಒಡೆಯರಿಗೂ ಸಂಸ್ಥೆಗೂ ಆಗುವ ಒಪ್ಪಂದ. ಓಲೆ ಮನೆಯಲ್ಲಿಯೇ ಉಳಿಯುವುದು, ಬಿಂಬಗಳ ಒಂದು ಪ್ರತಿ ಮನೆತನಕ್ಕೆ ಸಲ್ಲುವುದು, ಪ್ರಕಟಣೆಯಲ್ಲಿ ಅವರ ಉಪಕಾರಸ್ಮರಣೆ, ಅಂತರ್ಜಾಲದಲ್ಲಿ ಬಿಂಬಗಳನ್ನು ಉಚಿತವಾಗಿ ತೆರೆದಿಡುವುದು, ಇವು ಅದರಲ್ಲಿ ಸ್ಪಷ್ಟವಾಗಿರಲಿ.

ಎರಡನೆಯದು ಸಂಪಾದಕನಿಗೂ ಪ್ರಕಾಶಕರಿಗೂ ಆಗುವ ಹಕ್ಕಿನ ಪತ್ರ. ಇದು ಲಿಖಿತವಾಗಿರಬೇಕು. ಅವಧಿಯನ್ನು ಹೇಳದಿದ್ದರೆ ಕಾನೂನು ಅದನ್ನು 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದಷ್ಟೇ ಎಂದೂ ಭಾವಿಸುತ್ತದೆ. ಅಂತರ್ಜಾಲಕ್ಕೆ ಗಡಿಯಿಲ್ಲವಾದುದರಿಂದ ಈ ಮೌನ ಮುಂದೆ ತೊಡಕಾದೀತು. ವಿದ್ವಾಂಸನು ತನ್ನ ಟಿಪ್ಪಣಿಗಳನ್ನು ಎಲ್ಲರೂ ಬಳಸಲೆಂದು ಬಯಸಿದರೆ, ತನ್ನ ಹೆಸರನ್ನು ಉಲ್ಲೇಖಿಸಬೇಕೆಂಬ ನಿಯಮದೊಡನೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ನೀಡಬಹುದು. ಸ್ವಾಮ್ಯವನ್ನು ಬಿಟ್ಟುಕೊಟ್ಟ ಬಳಿಕವೂ ಕರ್ತೃತ್ವವನ್ನು ಸಾರುವ ಹಕ್ಕು 57ನೆಯ ಕಲಮಿನಂತೆ ಅವನಲ್ಲಿಯೇ ಉಳಿಯುತ್ತದೆ.

ಪ್ರಾಚೀನ ಲಿಪಿಕಾರರು ಹೊತ್ತಿಗೆಯ ಕೊನೆಯಲ್ಲಿ ಬರೆಸಿದವರ, ಬರೆದವರ ಹೆಸರುಗಳನ್ನು ದಾಖಲಿಸುತ್ತಿದ್ದರು. ಪ್ರತಿ ಮಾಡುವುದನ್ನು ಮಾತ್ರ ತಡೆಯುತ್ತಿರಲಿಲ್ಲ. ಹೆಸರು ಉಳಿಯಬೇಕು, ಶಾಸ್ತ್ರ ಹರಡಬೇಕು ಎಂಬ ಆ ಎರಡು ಆಶಯಗಳನ್ನೇ ಇಂದಿನ ಅನುಮತಿಪತ್ರವೂ ಈಡೇರಿಸಬೇಕಾಗಿದೆ.