ಶ್ರೀರಂಗಪಟ್ಟಣದಲ್ಲಿ ಅಕ್ಷರಗಳೆಷ್ಟು?

ವಾಚಕರ ಮುಂದೆ ಒಂದು ಸುಲಭವಾದ ಪ್ರಶ್ನೆಯನ್ನಿಡುತ್ತೇವೆ. 'ಶ್ರೀರಂಗಪಟ್ಟಣ' ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಶ್ರೀ, ರಂ, ಗ, ಪ, ಟ್ಟ, ಣ; ಒಟ್ಟು ಆರು ಎಂದು ಪ್ರಾಥಮಿಕ ಶಾಲೆಯ ಮಗುವೂ ಬೆರಳು ಮಡಿಸಿ ಹೇಳೀತು. ಇದೇ ಪ್ರಶ್ನೆಯನ್ನು 'ಪೈಥಾನ್' ಎಂಬ ಕ್ರಮವಿಧಿ ಭಾಷೆಯ ಮೂಲಕ ಗಣಕಯಂತ್ರಕ್ಕೆ ಹಾಕಿದರೆ ಅದು 12 ಎನ್ನುತ್ತದೆ. ಕೃಷ್ಣರಾಜಪೇಟೆಗೂ ನಮ್ಮ ಲೆಕ್ಕ 6, ಅದರ ಲೆಕ್ಕ 12. ಪಾಂಡವಪುರಕ್ಕೆ ನಾವು 5 ಎಂದರೆ ಅದು 8 ಎನ್ನುತ್ತದೆ. ನಾಗಮಂಗಲಕ್ಕೆ ನಾವು 5, ಅದು 7. ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದರ ಹೆಸರನ್ನಾದರೂ ಅದು ನಮ್ಮಂತೆ ಎಣಿಸಲೊಲ್ಲದು!

ಇಂತಹ ಪ್ರಶ್ನೆಗಳನ್ನು ಹೊತ್ತು ಹೋಗುವುದಕ್ಕೆ ಒಂದು ತಕ್ಕ ಸ್ಥಳವಿದೆ. ಅದು ಆ ಭಾಷೆಯನ್ನು ಬಳಸುವವರೂ ಕಟ್ಟುವವರೂ ಒಟ್ಟಿಗೆ ಸೇರುವ ಸಮಾವೇಶ. ಪೈಥಾನ್ ಭಾಷೆಯನ್ನು ಹಾಲೆಂಡಿನ ಗೈಡೋ ವಾನ್ ರೋಸಮ್ ಎಂಬವರು 1991ರಲ್ಲಿ ಲೋಕದ ಮುಂದಿಟ್ಟರು. ಹೆಸರು ಹೆಬ್ಬಾವಿನದಾದರೂ ಅದು ಬಂದದ್ದು ಹಾವಿನಿಂದಲ್ಲ, ಇಂಗ್ಲೆಂಡಿನ ಒಂದು ದೂರದರ್ಶನ ಪ್ರಹಸನದಿಂದ. 1994ರಲ್ಲಿ ಅಮೆರಿಕದಲ್ಲಿ ಇದರ ಬಳಕೆದಾರರು ಮೊದಲ ಬಾರಿ ಸೇರಿದಾಗ ಬಂದವರು ಸುಮಾರು 20 ಮಂದಿ. 2003ರಲ್ಲಿ ವಾಷಿಂಗ್ಟನ್ ನಗರದಲ್ಲಿ 'ಪೈಕಾನ್' ಎಂಬ ಹೆಸರಿನ ಸಮಾವೇಶ ಆರಂಭವಾಯಿತು. ಭಾರತದ ಮೊದಲ ಪೈಕಾನ್ ನಡೆದದ್ದು 2009ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಆ ಬಳಿಕ ಅದು ಪುಣೆ, ದೆಹಲಿ, ಹೈದರಾಬಾದು, ಚೆನ್ನೈಗಳನ್ನು ಸುತ್ತಿ, 2024ರಲ್ಲಿ ಮರಳಿ ಬೆಂಗಳೂರಿಗೆ ಬಂದಿತು. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಮಾರ್ಗ ಶ್ರೀರಂಗಪಟ್ಟಣ, ಪಾಂಡವಪುರಗಳ ಮೇಲೆಯೇ ಹಾಯುವುದಷ್ಟೆ. ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗೂ ನಾಗಮಂಗಲದವನಿಗೂ ಬಸ್ಸು ಉಂಟು.

ಅಲ್ಲಿ ಏನು ನಡೆಯುತ್ತದೆ? ಮೊದಲೇ ಆರಿಸಿದ ಉಪನ್ಯಾಸಗಳಿರುತ್ತವೆ. ಐದೈದು ನಿಮಿಷಗಳ ಕಿರುಭಾಷಣಗಳಿರುತ್ತವೆ. ಗಂಟೆ ಬಾರಿಸಿದೊಡನೆ, ವಾಕ್ಯ ಅರ್ಧಕ್ಕೆ ನಿಂತಿದ್ದರೂ, ಭಾಷಣಕಾರನು ಇಳಿಯಬೇಕು. (ನಮ್ಮ ಇತರ ಸಭೆಗಳಿಗೂ ಈ ಪದ್ಧತಿ ಬಂದರೆ ಒಳಿತು.) 'ಮುಕ್ತಾವಕಾಶ' ಎನ್ನಬಹುದಾದ ಇನ್ನೊಂದು ಏರ್ಪಾಡಿದೆ, ಒಂದು ಹಲಗೆಯ ಮೇಲೆ ಯಾರು ಬೇಕಾದರೂ ತಮ್ಮ ವಿಷಯವನ್ನು ಬರೆದು ಅಂಟಿಸುತ್ತಾರೆ, ಆಸಕ್ತರು ಆ ಹೊತ್ತಿಗೆ ಬಂದು ಸುತ್ತ ಕುಳಿತುಕೊಳ್ಳುತ್ತಾರೆ. ಕೊನೆಯದು 'ಸ್ಪ್ರಿಂಟ್', ಅಂದರೆ ಮೇಜಿನ ಸುತ್ತ ಕುಳಿತು ತಂತ್ರಾಂಶದ ದೋಷಗಳನ್ನು ಅಲ್ಲೇ ತಿದ್ದುವ ಕೆಲಸ. ಪೈಥಾನಿನ ಒಳಗುಟ್ಟು ಯಾರ ಸ್ವತ್ತೂ ಅಲ್ಲ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ಹೊಸಬರಿಗೆ ದೊಡ್ಡ ಸಭಾಂಗಣದ ಉಪನ್ಯಾಸಗಳಿಗಿಂತ ಈ ಕೊನೆಯ ಎರಡರಿಂದಲೇ ಹೆಚ್ಚು ಲಾಭವೆಂದು ನಮ್ಮ ಅಭಿಪ್ರಾಯ. ಉಪನ್ಯಾಸವನ್ನು ಆಮೇಲೆ ಮನೆಯಲ್ಲಿಯೂ ಕೇಳಬಹುದು; ಮೇಜಿನ ಎದುರಿಗೆ ಕುಳಿತವನನ್ನು 'ಇದೇಕೆ ಹೀಗೆ?' ಎಂದು ತಡೆದು ಕೇಳುವುದು ಅಲ್ಲಿ ಮಾತ್ರ ಸಾಧ್ಯ.

ಈಗ ನಮ್ಮ ಪ್ರಶ್ನೆಯನ್ನು ಆ ಮೇಜಿನ ಮೇಲಿಡೋಣ. ಗಣಕಕ್ಕೆ ಅಕ್ಷರದ ರೂಪ ತಿಳಿಯದು, ಅಂಕೆಯೊಂದೇ ತಿಳಿದೀತು. ಆದುದರಿಂದ ಪ್ರತಿಯೊಂದು ಲಿಪಿಚಿಹ್ನೆಗೂ ಒಂದು ಸಂಖ್ಯೆಯನ್ನು ನಿಗದಿ ಮಾಡಬೇಕು. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆ ಹಂಚುವ ಏರ್ಪಾಡೇ 'ಯುನಿಕೋಡ್'. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಸಂಖ್ಯೆ ದೊರೆತದ್ದು ಅಕ್ಷರಕ್ಕಲ್ಲ, ಅದರ ಬಿಡಿಭಾಗಗಳಿಗೆ. 'ಶ್ರೀ' ಎಂಬುದನ್ನು ಗಣಕವು ಶ, ವಿರಾಮಚಿಹ್ನೆ, ರ, ಗುಡಿಸಿನ ದೀರ್ಘ ಎಂದು ನಾಲ್ಕಾಗಿ ಇಟ್ಟುಕೊಳ್ಳುತ್ತದೆ. 'ರಂ' ಎರಡು, 'ಟ್ಟ' ಮೂರು, ಉಳಿದ ಗ, ಪ, ಣ ಒಂದೊಂದು. ಕೂಡಿಸಿ ನೋಡಿ, 12 ಆಗುತ್ತದೆ. ಪೈಥಾನಿನ ಹಳೆಯ 2ನೆಯ ಆವೃತ್ತಿಯಲ್ಲಿ ಇದೇ ಹೆಸರನ್ನು ಸಾಮಾನ್ಯ ರೀತಿಯಲ್ಲಿ ಬರೆದು ಅಳೆದಿದ್ದರೆ 36 ಎಂಬ ಉತ್ತರ ಬರುತ್ತಿತ್ತು. ಯುಟಿಎಫ್-8 ಎಂಬ ವಿಧಾನದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳ ಜಾಗ ಬೇಕು. ಅದು ಬೈಟುಗಳನ್ನೇ ಎಣಿಸುತ್ತಿತ್ತು. 2008ರ ಡಿಸೆಂಬರಿನಲ್ಲಿ ಹೊರಬಂದ 3ನೆಯ ಆವೃತ್ತಿಯು ಬೈಟುಗಳನ್ನು ಬಿಟ್ಟು ಚಿಹ್ನೆಗಳನ್ನು ಎಣಿಸತೊಡಗಿತು. 36ರಿಂದ 12ಕ್ಕೆ ಇಳಿದದ್ದು ಹೀಗೆ.

ಎಣಿಕೆ ತಪ್ಪಿದರೆ ನಷ್ಟವೇನು? ಯಾವುದೋ ಅರ್ಜಿಯಲ್ಲಿ ಊರಿನ ಹೆಸರಿಗೆ ಹತ್ತೇ ಸ್ಥಾನಗಳಿವೆಯೆಂದುಕೊಳ್ಳಿ. ಆರಕ್ಷರದ ಶ್ರೀರಂಗಪಟ್ಟಣ ಅಲ್ಲಿ 'ಶ್ರೀರಂಗಪಟ್' ಎಂದು ಮೊಟಕಾಗುತ್ತದೆ. ಪದವನ್ನು ತಿರುವುಮುರುವಾಗಿಸುವುದು ಕ್ರಮವಿಧಿ ಕಲಿಯುವವರ ಮೊದಲ ಅಭ್ಯಾಸಗಳಲ್ಲೊಂದು. ನಾಗಮಂಗಲವನ್ನು ತಿರುಗಿಸಿದರೆ 'ಲಗಮಂಗನಾ' ಆಗಬೇಕು, ಬರುವುದು 'ಲಗಂಮಗಾನ'. ಸೊನ್ನೆ ಒಂದು ಅಕ್ಷರದಿಂದ ಇನ್ನೊಂದಕ್ಕೆ ಹಾರುತ್ತದೆ, ನಕಾರದ ಇಳಿಯನ್ನು ಗಕಾರ ಕಸಿದುಕೊಳ್ಳುತ್ತದೆ. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವುದೆಂದು ನಾವೆಲ್ಲ ಬಲ್ಲ 'ವಿಕಟಕವಿ'ಯನ್ನೂ ಯಂತ್ರವು ಒಪ್ಪುವುದಿಲ್ಲ; ತಿರುಗಿಸಿದಾಗ ಗುಡಿಸು ಮುಂದೆ ಬಂದು ನಿಲ್ಲುವುದರಿಂದ, ಇವೆರಡೂ ಬೇರೆ ಎನ್ನುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕೊಂದಿದೆ. ನಮ್ಮ ಉಪಾಧ್ಯಾಯರು ಕಾಗುಣಿತ ಹೇಳಿಕೊಡುವಾಗ 'ಗುಡಿಸು' ಎಂದೂ 'ಗುಡಿಸಿನ ದೀರ್ಘ' ಎಂದೂ ಹೇಳುತ್ತಿದ್ದರಲ್ಲವೆ? ಯುನಿಕೋಡಿನಲ್ಲಿಯೂ ಗುಡಿಸಿನ ದೀರ್ಘಕ್ಕೆ ಒಂದೇ ಸಂಖ್ಯೆಯುಂಟು; ಗುಡಿಸನ್ನೂ ದೀರ್ಘವನ್ನೂ ಬೇರೆಬೇರೆಯಾಗಿ ಬರೆದು ಜೋಡಿಸಲೂಬಹುದು. ಕಣ್ಣಿಗೆ ಎರಡೂ 'ಶ್ರೀ'. ಯಂತ್ರಕ್ಕೆ ಒಂದರಲ್ಲಿ ನಾಲ್ಕು ಚಿಹ್ನೆ, ಇನ್ನೊಂದರಲ್ಲಿ ಐದು. ಪಟ್ಟಿಯಲ್ಲಿ ಒಬ್ಬ ವಿದ್ಯಾರ್ಥಿನಿಯ ಹೆಸರು ಒಂದು ಬಗೆಯಲ್ಲಿದ್ದು, ಹುಡುಕುವವರು ಇನ್ನೊಂದು ಬಗೆಯಲ್ಲಿ ಬರೆದರೆ, ಎದುರಿಗೇ ಇರುವ ಹೆಸರನ್ನು ಯಂತ್ರವು 'ಇಲ್ಲ' ಎನ್ನುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂಬ ನಿಯಮವಿದೆ, ಅದಕ್ಕೆ ಬೇಕಾದ ಸಾಧನವೂ ಪೈಥಾನಿನಲ್ಲಿದೆ. ಇಂಗ್ಲಿಷನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಬರೆಯುವವನಿಗೆ ಅದರ ನೆನಪು ಬರುವುದಿಲ್ಲ, ಅಷ್ಟೆ.

ಹಾಗಾದರೆ 12ರಿಂದ 6ಕ್ಕೆ ಇಳಿಯುವ ಬಗೆಯೇನು? ಓದುಗನು ಒಂದೆಂದು ಭಾವಿಸುವ ಚಿಹ್ನೆಗಳ ಗುಂಪನ್ನು ಗುರುತಿಸಲು ಯುನಿಕೋಡ್ ಸಂಸ್ಥೆ ನಿಯಮಗಳನ್ನು ಮಾಡಿದೆ. ಅವುಗಳಂತೆ ಸ್ವರಚಿಹ್ನೆಯೂ ಸೊನ್ನೆಯೂ ತಮ್ಮ ವ್ಯಂಜನಕ್ಕೆ ಅಂಟಿಕೊಳ್ಳುತ್ತವೆ. ಒತ್ತಕ್ಷರಗಳನ್ನು ಬಿಡಿಸದೆ ಒಂದಾಗಿ ಹಿಡಿಯುವ ನಿಯಮವನ್ನು 2023ರ 15.1ನೆಯ ಆವೃತ್ತಿಯಲ್ಲಿ ಸೇರಿಸಿದರು. ಆದರೆ ಆ ಆವೃತ್ತಿಯಲ್ಲಿ ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಒಡಹುಟ್ಟಿದ ತೆಲುಗು ಪಟ್ಟಿಯಲ್ಲಿತ್ತು, ಕನ್ನಡವಿರಲಿಲ್ಲ. ಆ ನಿಯಮದಂತೆ ಎಣಿಸಿದರೆ ಶ್ರೀರಂಗಪಟ್ಟಣಕ್ಕೆ 8 ಬರುತ್ತದೆ: ಶ್, ರೀ, ರಂ, ಗ, ಪ, ಟ್, ಟ, ಣ.

ಉಳಿದ ಎರಡನ್ನು ಕಳೆಯುವುದಕ್ಕೆ ಹೆಚ್ಚಿನ ವಿದ್ಯೆಯೇನೂ ಬೇಡ. ಒಂದು ತುಂಡು ವಿರಾಮಚಿಹ್ನೆಯಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ಮೊದಲಾದರೆ ಎರಡನ್ನೂ ಕೂಡಿಸು ಎಂದು ನಾಲ್ಕಾರು ಸಾಲು ಬರೆದರಾಯಿತು. ಕಾಗುಣಿತ ಬಲ್ಲ ಕಾಲೇಜು ವಿದ್ಯಾರ್ಥಿಯ ಒಂದು ಸಂಜೆಯ ಕೆಲಸ. ಆದರೆ ಬರೆದುದನ್ನು ಪರೀಕ್ಷಿಸುವ ಪದಗಳನ್ನು ಕನ್ನಡಿಗನೇ ಒದಗಿಸಬೇಕು. 'ಸಾಫ್ಟ್‌ವೇರ್' ಎಂಬ ಪದವನ್ನು ತೆಗೆದುಕೊಳ್ಳಿ. ಅಲ್ಲಿ ವಕಾರವು ಟಕಾರದ ಒತ್ತಾಗಿ ಕೆಳಗೆ ಇಳಿಯದಂತೆ ನಡುವೆ ಕಣ್ಣಿಗೆ ಕಾಣದ ಒಂದು ತಡೆಚಿಹ್ನೆಯನ್ನು ಇಟ್ಟಿರುತ್ತಾರೆ. ಮೇಲಿನ ನಿಯಮವು ಆ ತಡೆಯನ್ನು ಮನ್ನಿಸಬೇಕು. ಇನ್ನು ಕೊನೆಯ 'ರ್' ಉಳಿಯಿತು. ಛಂದಸ್ಸು ಬಲ್ಲವರು ಅದನ್ನು ಬೇರೆ ಅಕ್ಷರವೆಂದು ಎಣಿಸದೆ, ಹಿಂದಿನ ಅಕ್ಷರದೊಡನೆ ಸೇರಿಸಿ ಗುರು ಎನ್ನುತ್ತಾರೆ. ಪದಬಂಧ ಬಿಡಿಸುವವರು ಅದಕ್ಕೆ ಪ್ರತ್ಯೇಕವಾಗಿ ಒಂದು ಮನೆಯನ್ನೇ ಕೊಡುತ್ತಾರೆ. ಮೇಜಿನ ಸುತ್ತ ಕುಳಿತ ಇಬ್ಬರು ಕನ್ನಡಿಗರು ಈ ಒಂದು ಚಿಹ್ನೆಯ ಮೇಲೆ ಮಧ್ಯಾಹ್ನದ ಊಟವನ್ನೂ ಮರೆತು ವಾದಿಸಬಹುದು.