ಹಲ್ಲಿನ ಚಿಕಿತ್ಸೆ: ಪರದೆಯ ಚಿತ್ರವನ್ನು ನೋಡುವ ಬಗೆ



ಹಲ್ಲುನೋವೆಂದು ಪಟ್ಟಣದ ದಂತವೈದ್ಯರಲ್ಲಿಗೆ ಹೋದವರಿಗೆ ಈಗ ಅನೇಕ ಕಡೆಗಳಲ್ಲಿ ಕುರ್ಚಿಯ ಪಕ್ಕದಲ್ಲೊಂದು ಕಂಪ್ಯೂಟರ್ ಪರದೆ ಕಾಣುತ್ತದೆ. ಪೆನ್ನಿನಂಥ ಸಣ್ಣ ಕ್ಯಾಮೆರಾವನ್ನು ಬಾಯೊಳಗಿಟ್ಟ ಕೂಡಲೇ ನಮ್ಮ ದವಡೆಹಲ್ಲು ಅಂಗೈಯಗಲ ದೊಡ್ಡದಾಗಿ ಅದರ ಮೇಲೆ ಮೂಡುತ್ತದೆ. ಅನಂತರ ಎಕ್ಸ್-ರೇ ಚಿತ್ರ, ಆಮೇಲೆ ಚಿಕಿತ್ಸೆ ನಡೆಯುವ ಕ್ರಮವನ್ನು ತೋರಿಸುವ ಬಣ್ಣದ ಚಲಿಸುವ ಚಿತ್ರ. ಇವನ್ನು ತೋರಿಸುವ ಏರ್ಪಾಟಿಗೆ ತಂತ್ರಾಂಶವೆಂದು ಹೆಸರು. ಇದು ಹಣ ಕೀಳುವ ಆಟವೆಂದು ಕೆಲವರೂ, ಯಂತ್ರವೇ ಹೇಳಿದ ಮೇಲೆ ಮರುಮಾತಿಲ್ಲವೆಂದು ಕೆಲವರೂ ತಿಳಿದಿದ್ದಾರೆ. ಎರಡೂ ಸರಿಯಲ್ಲ.

ಚಿತ್ರ ತೋರಿಸಿ ವಿಷಯ ತಿಳಿಸುವುದು ಹಳ್ಳಿಗೆ ಹೊಸದೇನಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾದ ಮೇಲೆ ಭಿತ್ತಿಚಿತ್ರ, ಪ್ರಾತ್ಯಕ್ಷಿಕೆ ಇವು ಗ್ರಾಮಸೇವಕರ ಸಾಧನಗಳಾಗಿದ್ದವು. ಕಣ್ಣಿಗೆ ಕಂಡದ್ದು ಮನಸ್ಸಿಗೆ ಬೇಗ ಹತ್ತುತ್ತದೆ. ಹಲ್ಲಿನ ವಿಷಯದಲ್ಲಂತೂ ಇದು ಹೆಚ್ಚು ನಿಜ. ತನ್ನ ದವಡೆಹಲ್ಲನ್ನು ತಾನೇ ಸರಿಯಾಗಿ ನೋಡಬಲ್ಲವರು ಯಾರು?

ತೆಂಗಿಗೆ ಕೆಂಪು ಮೂತಿ ಹುಳು ಬಿದ್ದಾಗ ಮೊದಮೊದಲು ಗರಿ ಹಸಿರಾಗಿಯೇ ಇರುತ್ತದೆ, ಕಾಂಡ ಮಾತ್ರ ಒಳಗೊಳಗೇ ಟೊಳ್ಳಾಗುತ್ತದೆ. ಹುಳುಕು ಹಲ್ಲಿನ ಸ್ಥಿತಿಯೂ ಹೀಗೆಯೇ. ಆದರೆ ತೆಂಗಿನಲ್ಲಿ ಹುಳು ಇರುವುದು ನಿಜ, ಹಲ್ಲಿನಲ್ಲಿ ಹುಳುವಿಲ್ಲ. ಹೊಗೆ ಹಾಕಿ ಹಲ್ಲಿನಿಂದ ಹುಳು ಉದುರಿಸುತ್ತೇವೆನ್ನುವವರನ್ನು ನಂಬಬಾರದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನಾವು ತಿಂದ ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ಆ ಹೊದಿಕೆಯಲ್ಲಿ ನರವಿಲ್ಲ. ಆದ್ದರಿಂದ ಮೊದಲ ಹಂತದಲ್ಲಿ ನೋವೂ ಇಲ್ಲ.

ಎಕ್ಸ್-ರೇ ಕಿರಣವನ್ನು ಜರ್ಮನಿಯ ರಾಂಟ್‌ಜೆನ್ 1895ರಲ್ಲಿ ಕಂಡುಹಿಡಿದರು. ಇದರ ಚಿತ್ರದಲ್ಲಿ ಗಟ್ಟಿಯಾದ ಭಾಗ ಬೆಳ್ಳಗೂ, ಕರಗಿ ಹೋದ ಭಾಗ ಕಪ್ಪಗೂ ಕಾಣುತ್ತದೆ. ಹಿಂದೆ ತುಂಬಿಸಿದ ಲೋಹವಿದ್ದರೆ ಅದು ಎಲ್ಲಕ್ಕಿಂತ ಬೆಳ್ಳಗಿರುತ್ತದೆ. ಹುಳುಕಿನ ಕಪ್ಪು ಹಲ್ಲಿನ ನಡುವಿನ ನರದ ಕೋಣೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯಿರಿ. ದೂರವಿದ್ದರೆ ಕೆರೆದು ತುಂಬಿಸಿದರೆ ಸಾಕಾಗಬಹುದು. ಕೋಣೆಯನ್ನು ಮುಟ್ಟಿದ್ದರೆ ಬಹುಮಟ್ಟಿಗೆ ಬೇರಿನ ಚಿಕಿತ್ಸೆ, ಅಂದರೆ ರೂಟ್ ಕೆನಾಲ್, ಇಲ್ಲವೇ ಹಲ್ಲು ಕೀಳಿಸುವುದು, ಇವೆರಡರಲ್ಲೊಂದು.

ಬೇರಿನ ತುದಿಯಲ್ಲಿ ದುಂಡನೆಯ ಕಪ್ಪು ಕಂಡರೆ ಅಲ್ಲಿ ಕೀವಿನಿಂದ ಮೂಳೆ ಸವೆದಿದೆ ಎಂದು ಸಾಮಾನ್ಯವಾಗಿ ಅರ್ಥ. ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ವಾರಗಟ್ಟಲೆ ನೋಯುತ್ತಿದ್ದ ಹಲ್ಲು ಒಂದು ದಿನ ತಾನಾಗಿ ಸುಮ್ಮನಾದರೆ ವಾಸಿಯಾಯಿತೆಂದು ನಾವು ಹೊಲಕ್ಕೆ ಹೋಗುತ್ತೇವೆ. ಅನೇಕ ವೇಳೆ ವಾಸಿಯಾಗಿರುವುದಿಲ್ಲ, ನರ ಸತ್ತಿರುತ್ತದೆ. ರೋಗ ಮಾತ್ರ ಬೇರಿನತ್ತ ಇಳಿಯುತ್ತಲೇ ಇರುತ್ತದೆ. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲಾಗದೆ ಅಥವಾ ನುಂಗಲಾಗದೆ ಹೋದರೆ ಚಿತ್ರದ ಮಾತು ಹಾಗಿರಲಿ, ಆ ದಿನವೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆಂಬ ಭಯ ಅನೇಕರಲ್ಲಿದೆ. ಪರದೆಯ ಮೇಲೆ ತಲೆಯ ಚಿತ್ರ ತೋರಿಸಲು ಕೇಳಿರಿ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ತಾಯಂದಿರು ತಿಳಿಯಬೇಕಾದ ಮತ್ತೊಂದು ಸಂಗತಿ: ಸುಮಾರು 6ನೆಯ ವರ್ಷದಲ್ಲಿ ಹಾಲುಹಲ್ಲುಗಳ ಹಿಂದೆ ಬರುವ ದವಡೆಹಲ್ಲು ಬಿದ್ದು ಹುಟ್ಟುವ ಹಲ್ಲಲ್ಲ. ಅದು ಕೆಟ್ಟರೆ ಮತ್ತೆ ಬರುವುದಿಲ್ಲ.

ಇನ್ನು ಈ ಚಿತ್ರಗಳ ಮಿತಿ. ಬಣ್ಣದ ಚಲಿಸುವ ಚಿತ್ರದಲ್ಲಿರುವುದು ನಿಮ್ಮ ಹಲ್ಲಲ್ಲ, ಮಾದರಿ ಹಲ್ಲು. ಅದರ ಬೇರು ನೆಟ್ಟಗಿರುತ್ತದೆ, ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ, ರಕ್ತ ಕಾಣುವುದಿಲ್ಲ. ನಿಮ್ಮ ಬೇರು ಡೊಂಕಾಗಿರಬಹುದು. ಎರಡು ಮೂರು ಸಲ ಬಸ್ಸು ಹತ್ತಬೇಕಾಗಬಹುದು. ಬೇರಿನ ಚಿಕಿತ್ಸೆಯಾದ ದವಡೆಹಲ್ಲಿನ ಮೇಲೆ ಸಾಮಾನ್ಯವಾಗಿ ಕ್ಯಾಪ್ ಕೂರಿಸಬೇಕಾಗುತ್ತದೆ, ಇಲ್ಲವಾದರೆ ಅದು ಸೀಳುವ ಸಂಭವ ಹೆಚ್ಚು. ಕ್ಯಾಪಿನ ಹಣ ಹೇಳಿದ ಮೊತ್ತದಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲೇ ಕೇಳಬೇಕು. ಇತ್ತೀಚಿನ ಕೆಲವು ತಂತ್ರಾಂಶಗಳು ಎಕ್ಸ್-ರೇ ಮೇಲೆ ತಾವಾಗಿಯೇ ಬಣ್ಣದ ಗುರುತು ಹಾಕುತ್ತವೆ. ಆ ಗುರುತು ತಪ್ಪಾಗಿಯೂ ಇರಬಹುದು. ವೈದ್ಯರು ಬಾಯೊಳಗೆ ಪರೀಕ್ಷಿಸಿ ಒಪ್ಪಿದ ಮೇಲೆಯೇ ಅದಕ್ಕೆ ಬೆಲೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಇವು ಯಾವುವೂ ಹಲ್ಲಿನ ಚಿತ್ರದಲ್ಲಿ ಕಾಣುವುದಿಲ್ಲ. ನೀವೇ ಬಾಯಿಬಿಟ್ಟು ಹೇಳಬೇಕು.

ಕೇಳುವುದಕ್ಕೆ ಸಂಕೋಚ ಬೇಡ. ಚಿಕಿತ್ಸೆಯ ಸ್ವರೂಪ, ಅದರ ಪ್ರಯೋಜನ, ಅಪಾಯ, ಬೇರೆ ದಾರಿ ಇವುಗಳನ್ನು ತಿಳಿಸಿಯೇ ರೋಗಿಯ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿದೆ. ವೈದ್ಯರಲ್ಲಿ ಪರದೆಯೇ ಇಲ್ಲದಿದ್ದರೆ ಕೈಗನ್ನಡಿ ಹಿಡಿದು, ಕಾಗದದ ಮೇಲೆ ಗೀಟೆಳೆದು ವಿವರಿಸಿದರೂ ನಡೆಯುತ್ತದೆ. ತಾಳ್ಮೆಯಿಂದ ವಿವರಿಸುವ ವೈದ್ಯರು ಯಂತ್ರಕ್ಕಿಂತ ಮೇಲು.

ಎಲೆಯಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವ ಅಭ್ಯಾಸವಿದ್ದವರು ಹಲ್ಲಿನ ಜೊತೆಗೆ ಕೆನ್ನೆಯ ಒಳಭಾಗವನ್ನೂ ನಾಲಿಗೆಯ ಅಂಚನ್ನೂ ಕ್ಯಾಮೆರಾದಲ್ಲಿ ತೋರಿಸಲು ಕೇಳಿಕೊಳ್ಳಿರಿ. ಬಿಳಿಯ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಬರಬರುತ್ತ ಬಾಯಿ ಕಡಿಮೆ ತೆರೆಯುವುದು, ಇವು ಕ್ಯಾನ್ಸರಿನ ಮುನ್ಸೂಚನೆಯಾಗಿರಬಹುದು. ನೋವಿಲ್ಲವೆಂದು ಬಿಡುವಂತಿಲ್ಲ. ಹೀಗೆ ತೆಗೆದ ಚಿತ್ರಗಳನ್ನೂ ಎಕ್ಸ್-ರೇಯನ್ನೂ ತಾರೀಖು ಸಹಿತ ಮನೆಯವರ ಮೊಬೈಲಿಗೆ ಹಾಕಿಸಿಕೊಂಡು ಬನ್ನಿರಿ. ಮುಂದಿನ ಸಲ ಕಲೆ ಬೆಳೆದಿದೆಯೇ ಎಂದು ಹೋಲಿಸಿ ನೋಡಲು ಅವು ಬೇಕು. ಬೇರೆ ವೈದ್ಯರಲ್ಲಿಗೆ ಹೋದರೂ ಅವೇ ಚಿತ್ರಗಳು ಅನೇಕ ವೇಳೆ ಸಾಕಾಗುತ್ತವೆ.