ಐದು ದಿನ ಮೊದಲೇ ತಿಳಿಯುವ ಬಿಸಿಲು

'ಉತ್ತರ ಒಳನಾಡಿನಲ್ಲಿ ಒಣಹವೆ. ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ.' ಏಪ್ರಿಲ್ ಬಂತೆಂದರೆ ರೇಡಿಯೊದಲ್ಲಿ, ಪತ್ರಿಕೆಯ ಮೂಲೆಯಲ್ಲಿ, ಈಗ ಮೊಬೈಲಿನಲ್ಲಿ ಈ ಮಾತು ದಿನವೂ ಸಿಗುತ್ತದೆ. ಇಷ್ಟನ್ನು ಹೇಳುವ ಧೈರ್ಯ ಬರಲು ಒಂದೂವರೆ ಶತಮಾನದ ಅಳತೆಯ ಕೆಲಸ ಬೇಕಾಯಿತು.

ಅದಕ್ಕೂ ಮುಂಚೆ ನಮ್ಮ ರೈತರ ಕೈಯಲ್ಲಿ ಪಂಚಾಂಗವಿತ್ತು. ಏಪ್ರಿಲ್ ನಡುವಿನಿಂದ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಹೀಗೆ ಎರಡು ವಾರಕ್ಕೊಂದು ಮಳೆ ನಕ್ಷತ್ರ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಗಾದೆಯ ಹಿಂದೆ ತಲೆಮಾರುಗಳ ಗಮನವಿದೆ. ಬೇಸಿಗೆ ಮಳೆ ಯಾವ ಹೊತ್ತಿಗೆ ಹದವಾಗುತ್ತದೆ ಎಂದು ಅದು ಸರಿಯಾಗಿಯೇ ಹೇಳಿತು. ನಾಳೆ ಮಧ್ಯಾಹ್ನ ಏನಾದೀತು ಎಂದು ತಿಳಿಯಬೇಕಾದರೆ ಮಾತ್ರ ಇವತ್ತು ದೂರದ ಊರುಗಳಲ್ಲಿ ಏನಾಗುತ್ತಿದೆ ಎಂಬುದು ಗೊತ್ತಿರಬೇಕು.

ಆ ಸುದ್ದಿ ತಂದುಕೊಟ್ಟದ್ದು ತಂತಿ. 1859ರ ಬಿರುಗಾಳಿಗೆ 'ರಾಯಲ್ ಚಾರ್ಟರ್' ಹಡಗು ಮುಳುಗಿ ನೂರಾರು ಜನ ಸತ್ತಾಗ, ಬ್ರಿಟನ್ನಿನ ನೌಕಾಧಿಕಾರಿ ರಾಬರ್ಟ್ ಫಿಟ್ಜ್‌ರಾಯ್ ಕರಾವಳಿಯ ಊರುಗಳಿಂದ ತಂತಿ ಮೂಲಕ ಹವಾ ವರದಿ ತರಿಸತೊಡಗಿದರು. 1861ರ ಆಗಸ್ಟ್ 1ರಂದು ಲಂಡನ್ನಿನ 'ದಿ ಟೈಮ್ಸ್' ಅವರ ಮುನ್ಸೂಚನೆಯನ್ನು ಅಚ್ಚು ಹಾಕಿತು. ಓದುಗರಿಗಾಗಿ ಪತ್ರಿಕೆಯಲ್ಲಿ ಬಂದ ಆ ಮೊದಲ ಮುನ್ಸೂಚನೆ ಕೂಡ ಬೇಸಿಗೆಯದೇ, ಮುಂದಿನ ಎರಡು ದಿನಗಳದು. ತಪ್ಪಿದಾಗಲೆಲ್ಲ ಫಿಟ್ಜ್‌ರಾಯ್ ನಿಂದೆ ಕೇಳಬೇಕಾಯಿತು. ಮನನೊಂದಿದ್ದ ಅವರು 1865ರಲ್ಲಿ ಜೀವ ಕಳೆದುಕೊಂಡರು. ಮರುವರ್ಷ ಮುನ್ಸೂಚನೆಯೂ ನಿಂತಿತು. ಅದು ಮತ್ತೆ ಶುರುವಾದದ್ದು 1879ರಲ್ಲಿ. ಹವಾಮಾನ ವಿಜ್ಞಾನದ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಮನುಷ್ಯ ಇವರು.

ಭಾರತದಲ್ಲಿ 1864ರ ಕಲ್ಕತ್ತದ ಚಂಡಮಾರುತ, ಅದರ ಬೆನ್ನಿಗೇ ಬಂದ ಬರ ಸರ್ಕಾರದ ಕಣ್ಣು ತೆರೆಸಿದವು. 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು. ಮೈಸೂರು ಸಂಸ್ಥಾನವೂ 1890ರ ದಶಕದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣೆ ನಡೆಸಿ, ಜಾನ್ ಕುಕ್ ಎಂಬವರ ಉಸ್ತುವಾರಿಯಲ್ಲಿ ವರದಿಗಳನ್ನು ಅಚ್ಚು ಹಾಕಿಸಿತು. ನಿತ್ಯ ಅದೇ ಹೊತ್ತಿಗೆ ಥರ್ಮಾಮೀಟರ್ ನೋಡಿ ಬರೆದಿಡುವ ಕೆಲಸದಲ್ಲಿ ಮೆರೆಯುವಂಥದ್ದೇನೂ ಇಲ್ಲ. ಆದರೆ ಇಂದು ನಾವು 'ವಾಡಿಕೆಗಿಂತ ನಾಲ್ಕು ಡಿಗ್ರಿ ಹೆಚ್ಚು' ಎನ್ನುವುದು ಅಂಥ ದಾಖಲೆಗಳ ಬಲದಿಂದ. ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಯನ್ನು ಕನಿಷ್ಠ 4.5 ಡಿಗ್ರಿ ಮೀರಿದರೆ ಅದು ಬಿಸಿಗಾಳಿ. ಕರಾವಳಿಗೆ 37 ಡಿಗ್ರಿಯೇ ಸಾಕು. 2016ರ ಏಪ್ರಿಲ್ 24ರಂದು ಬೆಂಗಳೂರು 39.2 ಡಿಗ್ರಿ ಕಂಡಾಗ, ಅದು ದಾಖಲೆ ಎಂದು ತಿಳಿದದ್ದೂ ಹಳೆಯ ಪುಸ್ತಕಗಳಿಂದಲೇ.

ನಾಳೆ ಎಂಬುದು ಐದು ದಿನಕ್ಕೆ ಹಿಗ್ಗಿದ್ದು ಕಂಪ್ಯೂಟರಿನಿಂದ. ಗಾಳಿಯ ಚಲನೆಯ ಸಮೀಕರಣಗಳನ್ನು 1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರ ಬಿಡಿಸಿತು. ಒಂದು ದಿನದ ಮುನ್ಸೂಚನೆಗೆ ಹೆಚ್ಚುಕಡಿಮೆ ಒಂದು ದಿನವೇ ಹಿಡಿಯಿತು. ಭಾರತ 1988ರಲ್ಲಿ ಮಧ್ಯಮಾವಧಿ ಮುನ್ಸೂಚನೆಗೆಂದೇ ಒಂದು ಕೇಂದ್ರ ತೆರೆದು ಸೂಪರ್ ಕಂಪ್ಯೂಟರ್ ತರಿಸಿತು. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಶುರುವಾದ ಬರ ಉಸ್ತುವಾರಿ ಕೋಶ, ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ರೈತ 'ವರುಣಮಿತ್ರ' ಸಹಾಯವಾಣಿಗೆ ಕರೆ ಮಾಡಿ ತನ್ನ ಊರಿನ ಮಳೆ ಕೇಳಬಹುದು.

ಇಷ್ಟಾದರೂ ಬಿಸಿಲು ಹೇಳಿದಷ್ಟು ಸಲೀಸಾಗಿ ಬೇಸಿಗೆ ಮಳೆ ಹೇಳಲಾಗದು. ಬಿಸಿಗಾಳಿ ನೂರಾರು ಮೈಲು ಹರಡಿಕೊಂಡು ದಿನಗಟ್ಟಲೆ ಕೂರುತ್ತದೆ, ಹಾಗಾಗಿ ಮೊದಲೇ ಗುರುತು ಸಿಗುತ್ತದೆ. ಮಧ್ಯಾಹ್ನದ ಕಾವಿಗೆ ಎದ್ದ ಗುಡುಗಿನ ಮೋಡ ಕೆಲವೇ ಕಿಲೊಮೀಟರ್ ಅಗಲದ್ದು. ಗಂಟೆಯೊಳಗೆ ಸುರಿದು ಕರಗಿಬಿಡಬಹುದು. ಬೆಂಗಳೂರಿನಲ್ಲಿ ಜಯನಗರ ನೆನೆದು ಯಲಹಂಕ ಒಣಗಿರುವುದು ಅದಕ್ಕೇ. 'ಒಂದೆರಡು ಕಡೆ' ಎನ್ನುವವರು ಜಾರಿಕೊಳ್ಳುತ್ತಿಲ್ಲ. ಗೊತ್ತಿರುವಷ್ಟನ್ನೇ ಪ್ರಾಮಾಣಿಕವಾಗಿ ಹೇಳುತ್ತಿದ್ದಾರೆ.

ಬಿಸಿಲಿನ ಮುನ್ಸೂಚನೆ ಜೀವ ಉಳಿಸುವ ಕೆಲಸಕ್ಕೆ ಇಳಿದದ್ದು ತೀರ ಈಚೆಗೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. 2013ರಲ್ಲಿ ಆ ನಗರ, ಎಚ್ಚರಿಕೆ ಬಂದ ಕೂಡಲೇ ಆಸ್ಪತ್ರೆ, ಪಾಲಿಕೆ, ನೀರಿನ ಅರವಟ್ಟಿಗೆ ಎಲ್ಲವೂ ಸಜ್ಜಾಗುವ ಯೋಜನೆ ತಂದಿತು. ನಮ್ಮಲ್ಲಿ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್–ಮೇನಲ್ಲಿ ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ರೂಢಿ ಇದೆ. ಒಳ್ಳೆಯ ರೂಢಿ. ಆದರೆ ಫ್ಯಾನಿನ ಕೆಳಗೆ ಕೂತವರಿಗೆ ಸಿಕ್ಕ ಈ ನೆರಳು, ಡಾಂಬರು ಹಾಕುವವರಿಗೆ, ಇಟ್ಟಿಗೆ ಹೊರುವವರಿಗೆ, ತಳ್ಳುಗಾಡಿಯವರಿಗೆ, ಪೌರಕಾರ್ಮಿಕರಿಗೆ ಮೊದಲು ಸಿಗಬೇಕಿತ್ತು. ಐದು ದಿನ ಮುಂಚೆ ಬರುವ ಎಚ್ಚರಿಕೆ ತಹಶೀಲ್ದಾರರ ಮೇಜಿಗೆ ತಲುಪಿದಷ್ಟೇ ಬೇಗ ಗುತ್ತಿಗೆದಾರರ ಕೈಗೂ ತಲುಪಿ, ಅಂದಿನ ಕೆಲಸ ಹನ್ನೊಂದಕ್ಕೆ ನಿಂತು, ಕೂಲಿ ಮಾತ್ರ ಪೂರ್ತಿ ಸಿಗುವ ಏರ್ಪಾಡು ಆಗಬೇಕು. ಅದಕ್ಕೆ ಬೇಕಾದ ವಿಜ್ಞಾನ ಆಗಲೇ ನಮ್ಮ ಕೈಯಲ್ಲಿದೆ.